ರಾತ್ರಿ ನೀರಿನ ಪಾಳಿಗೆ ಜೋಲಿಯೇ ಲೇಸು

ಸೋಮನಹಳ್ಳಿ ಕಡೆ ಅಡಿಕೆ, ತೆಂಗು ಮಾಡಿಕೊಂಡಿರುವ ನಮ್ಮಂಥ ಸಣ್ಣ ಬೆಳೆಗಾರರು ತ್ರೀಫೇಸ್ ಕರೆಂಟು ಬಂದಾಗಲೇ ತೋಟಕ್ಕೆ ನೀರು ಬಿಡಬೇಕು. ಬೇಸಿಗೆಯಲ್ಲಿ ಪಾಳಿ ರಾತ್ರಿಗೆ ಬಿದ್ದರೆ ಪಂಪ್‌ಸೆಟ್ ಬಳಿ ಗೋಣಿಚೀಲ ಹಾಸಿ ಒರಗುವುದು ವಾಡಿಕೆ. ಇದನ್ನು ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಟ್ಟುಹಾವು ರಾತ್ರಿ ಹರಿದಾಡುವ ಹಾವು. ಅದರ ಕಡಿತಕ್ಕೆ ಸಿಕ್ಕುವವರು ಹೆಚ್ಚಾಗಿ ನೆಲದ ಮೇಲೆ ಮಲಗಿದವರೇ. ಕಚ್ಚಿದ ಜಾಗ ನೋಯುವುದೂ ಅಪರೂಪ. ಬೆಳಗಿನ ಜಾವ ಹೊಟ್ಟೆನೋವು ಬಂದು, ಕಣ್ಣುರೆಪ್ಪೆ ಎತ್ತಲಾಗದಿದ್ದಾಗಲೇ ತಿಳಿಯುವುದುಂಟು. ಅಷ್ಟರಲ್ಲಿ ಆಸ್ಪತ್ರೆ ಸೇರಬೇಕಾದ ಹೊತ್ತು ಮೀರಿರುತ್ತದೆ.

ಜೋಲಿ ಎಂದರೆ ಕೂಸುಗಳಿಗೆ ಎಂದು ನಗುವವರಿದ್ದಾರೆ. ಕಳೆ ಕೀಳಲು ಬರುವ ತಾಯಂದಿರು ಹೊಂಗೆ ಕೊಂಬೆಗೆ ಸೀರೆ ಕಟ್ಟಿ ಮಗುವನ್ನು ಮಲಗಿಸುವುದೇಕೆ? ಹುಳುಹುಪ್ಪಟೆ ಮುಟ್ಟುವುದಿಲ್ಲ, ಬೆನ್ನಡಿಯಿಂದಲೂ ಗಾಳಿ ಆಡುತ್ತದೆ. ದೊಡ್ಡವರಿಗೂ ಅದೇ ನ್ಯಾಯ.

ಆದರೆ ಕಟ್ಟುವುದರಲ್ಲಿ ವಿವೇಕ ಬೇಕು. 9 ಅಡಿಗೊಂದು ಅಡಿಕೆ ಮರ ಕಣ್ಣೆದುರಿಗೇ ಇರುವುದರಿಂದ ಕೈ ಅಲ್ಲಿಗೇ ಹೋಗುತ್ತದೆ. ಅಡಿಕೆಯ ಬೇರು ಮೇಲುಮೇಲೆಯೇ ಇರುತ್ತದೆ; ಹಗ್ಗ ಕೊರೆದ ಗಾಯ ಅದರ ಕಾಂಡದಲ್ಲಿ ಮತ್ತೆ ತುಂಬಿಕೊಳ್ಳುವುದಿಲ್ಲ. ಮೇಲಿಂದ ಸೋಗೆ ಬೀಳುವ ಭಯ ಬೇರೆ. ತೆಂಗಿನಡಿಯ ಮಾತಂತೂ ಹೇಳಲೇಬೇಕಿಲ್ಲ. ಬದುವಿನ ಹೊಂಗೆ, ಬೇವು ಉತ್ತಮ. ಒತ್ತಾದ ತೋಟದೊಳಗೆ ನೀರು ಬಿಟ್ಟ ರಾತ್ರಿ ಬರೀ ಹಬೆ. ಬದುವಿನಲ್ಲಿ ಗಾಳಿಯೂ ಸಿಗುತ್ತದೆ. ಕಾಫಿ ತೋಟದ ಬಾಂಧವರು ನಮ್ಮ ಈ ಸೆಕೆಯನ್ನು ಒಮ್ಮೆ ಬಂದು ನೋಡಬೇಕು!

ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟುವುದು ಇನ್ನೊಂದು ತಪ್ಪು. 60 ಕಿಲೋ ತೂಕದವನು ಮಲಗಿದಾಗ ಹಗ್ಗ 30 ಡಿಗ್ರಿ ಇಳಿಜಾರಿದ್ದರೆ ಒಂದೊಂದು ಮರದ ಮೇಲೂ ಬೀಳುವ ಎಳೆತ ಸುಮಾರು 60 ಕಿಲೋ. 10 ಡಿಗ್ರಿಗೆ ಬಿಗಿದರೆ ಅದೇ 170 ಕಿಲೋ ದಾಟುತ್ತದೆ. ಸಡಿಲ ಬಿಟ್ಟು, ಕೂತರೆ ಕಾಲು ನೆಲಕ್ಕೆ ತಾಗುವಷ್ಟು ಎತ್ತರದಲ್ಲಿ ಕಟ್ಟಿ, ತುಸು ಓರೆಯಾಗಿ ಮಲಗಿದರೆ ಬೆನ್ನು ಬಾಗುವುದಿಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊಲಿದು ಮಾಡಿದ ಜೋಲಿ ಬೇಡ, ಬೆವರಿನಲ್ಲಿ ನೆನೆದುಹೋಗುತ್ತೀರಿ. ನೂಲಿನ ಬಲೆ ಅಥವಾ ಗಟ್ಟಿ ಹತ್ತಿಬಟ್ಟೆ ಇರಲಿ. ಸೊಳ್ಳೆ ತೆಳುಬಟ್ಟೆಯ ಮೂಲಕ ಅಡಿಯಿಂದಲೂ ಕಚ್ಚುವುದರಿಂದ ಪರದೆ ಜೋಲಿಯನ್ನು ಸುತ್ತಲೂ ಆವರಿಸಿರಬೇಕು. ಇಳಿಯುವ ಮೊದಲು ಬ್ಯಾಟರಿ ಬಿಟ್ಟು ನೆಲ ನೋಡುವುದನ್ನು ಮರೆಯಬೇಡಿ.

ನಮ್ಮ ಸಂಘದ ಮಳಿಗೆಯವರು ಗೊಬ್ಬರ, ಮೈಲುತುತ್ತದ ಜೊತೆಗೆ ನಾಲ್ಕು ಜೋಲಿ, ಪರದೆಗಳನ್ನೂ ತರಿಸಿಡಲಿ. ಮೊದಲ ಗಿರಾಕಿ ನಾನೇ.