ಗಡಿಸೀಮೆಯಲ್ಲಿ ಪಾನನಿರೋಧ

ಪಾನನಿರೋಧದ ಶಾಸನಗಳು ಏಕೆ ಬರುತ್ತವೆ, ಬಂದವು ಏಕೆ ರದ್ದಾಗುತ್ತವೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಕುಡುಕನ ಚಟದಲ್ಲಿಯೇ ಉತ್ತರ ಹುಡುಕಲಾಗುತ್ತದೆ. ಆದರೆ ಕೋಲಾರದಂತಹ ಗಡಿಜಿಲ್ಲೆಯ ಅನುಭವವನ್ನು ಪರಿಶೀಲಿಸಿದರೆ, ಶಾಸನದ ಆಯುಷ್ಯವನ್ನು ನಿರ್ಧರಿಸುವುದು ಬೊಕ್ಕಸವೆಂಬುದೂ, ಅದನ್ನು ಬೇಡಿದವರ ಕೈಗೆ ಅದನ್ನು ಕಾಯುವ ಅಧಿಕಾರ ಬಾರದಿರುವುದೇ ಅದರ ಮೂಲ ದೌರ್ಬಲ್ಯವೆಂಬುದೂ ಸ್ಪಷ್ಟವಾಗುತ್ತದೆ.

1937ರ ಅಕ್ಟೋಬರ್ 1ರಂದು ಮದರಾಸು ಪ್ರಾಂತ್ಯದ ಪ್ರಧಾನಿ ಸಿ. ರಾಜಗೋಪಾಲಾಚಾರಿ (ರಾಜಾಜಿ) ಅವರು ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿಗೆ ತಂದಾಗ, ಹೊಸೂರು ಆ ಜಿಲ್ಲೆಗೇ ಸೇರಿದ್ದರಿಂದ, ನಿಷೇಧದ ಗಡಿ ಕೋಲಾರ ಜಿಲ್ಲೆಯ ಮಾಲೂರಿನ ಪಕ್ಕದಲ್ಲಿಯೇ ಹಾದುಹೋಯಿತು. ಮರುವರ್ಷ ಅದು ಚಿತ್ತೂರಿಗೆ ವಿಸ್ತರಿಸಿ ಮುಳಬಾಗಿಲು, ಶ್ರೀನಿವಾಸಪುರಗಳ ಸೆರಗಿಗೂ ಬಂದಿತು. ಇತ್ತ ಕೋಲಾರ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಅಬಕಾರಿ, ಅಂದರೆ ಹೆಂಡ ಸಾರಾಯಿಗಳ ತಯಾರಿಕೆ ಮತ್ತು ಮಾರಾಟದ ಮೇಲೆ ಸರ್ಕಾರ ಪಡೆಯುವ ಸುಂಕ, ವರಮಾನದ ಮುಖ್ಯ ಮೂಲಗಳಲ್ಲೊಂದಾಗಿಯೇ ಉಳಿದಿತ್ತು. ಅತ್ತ ಮದರಾಸಿನಲ್ಲಿ ನಿಷೇಧದಿಂದ ಹೋದ ವರಮಾನವನ್ನು ತುಂಬಿಕೊಳ್ಳಲು ರಾಜಾಜಿ 1939ರಲ್ಲಿ ಮಾರಾಟ ತೆರಿಗೆಯನ್ನು ತಂದರು. ನಿಷೇಧಕ್ಕೆ ಬೆಲೆಯುಂಟು, ಆ ಬೆಲೆಯನ್ನು ಯಾರಾದರೂ ತೆರಲೇಬೇಕು ಎಂಬುದನ್ನು ಅವರಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಆಡಳಿತಗಾರರು ವಿರಳ. ಅನಂತರ ತಾನೂ ಪಾನನಿರೋಧವನ್ನು ತಂದಿದ್ದ ಮೈಸೂರು ರಾಜ್ಯ 1967ರಲ್ಲಿ ಮುಖ್ಯಮಂತ್ರಿ ನಿಜಲಿಂಗಪ್ಪನವರ ಕಾಲಕ್ಕೆ ಅದನ್ನು ಕೈಬಿಟ್ಟಿತು. ತಮಿಳುನಾಡು 1971ರಲ್ಲಿ ಸಡಿಲಿಸಿ, 1974ರಲ್ಲಿ ಮತ್ತೆ ಬಿಗಿದು, 1981ರಲ್ಲಿ ಮತ್ತೊಮ್ಮೆ ಸಡಿಲಿಸಿತು. ಅಮೆರಿಕ 1920ರಲ್ಲಿ ಜಾರಿಗೆ ತಂದ ನಿಷೇಧವನ್ನು 1933ರಲ್ಲಿ, ಆರ್ಥಿಕ ಕುಸಿತದ ನಡುವೆ ತೆರಿಗೆಗಾಗಿ ಹಾತೊರೆಯುತ್ತಿದ್ದಾಗ, ರದ್ದುಪಡಿಸಿದ್ದೂ ಆಕಸ್ಮಿಕವಲ್ಲ.

ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ಮಾತ್ರ ನಿಷೇಧಿಸಿತು. ಕೂಲಿಯವನ ಕೈಗೆಟುಕುವ ಪ್ಯಾಕೆಟ್ ಮರೆಯಾಯಿತು, ವಿಸ್ಕಿ ರಮ್‌ಗಳ ಅಂಗಡಿ ತೆರೆದೇ ಇತ್ತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿ ಜಿಲ್ಲೆಗಳಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಇಂತಹ ದುರಂತಗಳಲ್ಲಿ ಕೊಲ್ಲುವ ವಸ್ತು ಮೆಥನಾಲ್. ಇದು ಬಣ್ಣ, ವಾರ್ನಿಷ್‌ಗಳಲ್ಲಿ ಬಳಸುವ ಅಗ್ಗದ ದ್ರಾವಕವಾಗಿದ್ದು, ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಸುಟ್ಟು, ಆಮೇಲೆ ಜೀವವನ್ನೇ ತೆಗೆಯುತ್ತದೆ. ಬಡವನ ಪಾನೀಯವೊಂದನ್ನೇ ಮುಚ್ಚಿ, ಅವನ ಚಟಕ್ಕೆ ಚಿಕಿತ್ಸೆಯನ್ನಾಗಲಿ ಅವನ ಮನೆಗೆ ರಕ್ಷಣೆಯನ್ನಾಗಲಿ ಒದಗಿಸದ ಕ್ರಮವನ್ನು ಪಾನನಿರೋಧವೆಂದು ಕರೆಯುವುದು ಅನ್ಯಾಯ.

ಹಾಗೆಂದು, ನಿಷೇಧವೆಲ್ಲ ವ್ಯರ್ಥವೆಂದು ತೀರ್ಮಾನಿಸುವವರು ಆ ಬೇಡಿಕೆ ಎಲ್ಲಿ ಹುಟ್ಟಿತೆಂಬುದನ್ನು ಮರೆಯುತ್ತಾರೆ. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಕೂಡಿದ್ದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಲು ಹೊರಟರು. ಆ ಚಳವಳಿಯ ಒತ್ತಡದಿಂದ ಆಂಧ್ರದಲ್ಲಿ 1993ರಲ್ಲಿ ಸಾರಾಯಿಯೂ 1995ರಲ್ಲಿ ಸಕಲ ಮದ್ಯವೂ ನಿಷೇಧಗೊಂಡವು. 1997ರಲ್ಲಿ ಸರ್ಕಾರ ಅದನ್ನು ಸಡಿಲಿಸಿದಾಗ ಮುಂದಿಟ್ಟ ಕಾರಣಗಳಲ್ಲಿ ಖಜಾನೆಯ ಸಂಕಷ್ಟ ಮುಖ್ಯವಾಗಿತ್ತು. ಹೆಂಗಸರು ಕೇಳಿದ್ದು ಮನೆಗೆ ತಲುಪಬೇಕಾದ ಕೂಲಿಯ ಹಣವನ್ನು. ಉತ್ತರ ಬಂದದ್ದು ರಾಜ್ಯದ ಆಯವ್ಯಯದ ಭಾಷೆಯಲ್ಲಿ.

ಬೇಡಿದವರ ಕೈಗೇ ಅಧಿಕಾರ ಕೊಡುವ ದಾರಿಯೂ ಇದೆ. ನೆರೆಯ ಮಹಾರಾಷ್ಟ್ರದಲ್ಲಿ ಊರಿನ ಮತದಾರ ಮಹಿಳೆಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಮತ ನೀಡಿ ಮದ್ಯದಂಗಡಿಯನ್ನು ಮುಚ್ಚಿಸಲು ನಿಯಮದಲ್ಲಿ ಅವಕಾಶವಿದೆ. ಕೈಗಾರಿಕಾ ಪ್ರದೇಶ ಬೆಳೆದು ಸಂಬಳದ ಹಣ ಓಡಾಡುವ ಕೋಲಾರದ ವೇಮಗಲ್ ಸುತ್ತಿನ ಹಳ್ಳಿಗಳಲ್ಲಿಯೂ, ಅಂಗಡಿಯ ಪರವಾನಗಿ ಅಬಕಾರಿ ಕಚೇರಿಯಲ್ಲಿ ನವೀಕರಣಗೊಳ್ಳುವ ಮುನ್ನ, ಆ ಅಂಗಡಿಯ ಪರಿಣಾಮವನ್ನು ದಿನವೂ ಅನುಭವಿಸುವ ಹೆಂಗಸರ ಮತವನ್ನು ಕಡ್ಡಾಯವಾಗಿ ಪಡೆಯಬೇಕು.