ಕೈ ಹೇಳುವ ಮಾತು

ಪುಟಾಣಿಗಳೇ, ಒಮ್ಮೆ ಹೊಳಲಿನಿಂದ ನಾವೆಲ್ಲ ಬುತ್ತಿ ಕಟ್ಟಿಕೊಂಡು ಹಂಪಿಗೆ ಹೋಗಿದ್ದೆವು. ಸೈನ್ಯದ ಸೇವೆ ಮುಗಿಸಿದ ಇಸ್ರೇಲಿನ ಯುವಕ ಯುವತಿಯರು ಅಲ್ಲಿಗೆ ಬರುವುದುಂಟು. ಅಂಥ ಒಬ್ಬ ಹುಡುಗಿಯನ್ನು ಮಾತನಾಡಿಸಿದೆ. ಫೋನಿನಲ್ಲಿದ್ದ ಅವಳು ಐದೂ ಬೆರಳ ತುದಿ ಕೂಡಿಸಿ, ಮೇಲ್ಮುಖವಾಗಿ ಹಿಡಿದು ಕೈ ಆಡಿಸಿದಳು. ಪಾಪ, ಹಸಿದಿದ್ದಾಳೆ ಎಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ನಕ್ಕಳು, ತಿಂದಳು. ಆಮೇಲೆ ಗೈಡ್ ಹೇಳಿದರು: ಅವರಲ್ಲಿ ಆ ಸನ್ನೆಗೆ ‘ರೆಗಾ’, ಅಂದರೆ ‘ಸ್ವಲ್ಪ ತಾಳಿ’ ಎಂದರ್ಥ!

ನನ್ನ ತಪ್ಪು ರೊಟ್ಟಿಯಲ್ಲಿ ಮುಗಿಯಿತು. ಆದರೆ ಮಂಗಳೂರು, ಉಡುಪಿ ಕಡೆಯ ಅನೇಕರು ಇಸ್ರೇಲಿನ ಮನೆಗಳಲ್ಲಿದ್ದು ವೃದ್ಧರ ಆರೈಕೆ ಮಾಡುತ್ತಾರೆ. ಅಲ್ಲಿ ಮಾತು ಬಹಳ ನೇರ. ಅದಕ್ಕೆ ‘ದುಗ್ರಿ’ ಎಂಬ ಹೆಸರೇ ಇದೆ. ಶಾಲೆಯಲ್ಲಿ ಮಕ್ಕಳು ಟೀಚರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ‘ಈ ಪಲ್ಯ ಚೆನ್ನಾಗಿಲ್ಲ’ ಎಂದು ಅಜ್ಜಿಯೊಬ್ಬರು ಮುಖಕ್ಕೇ ಹೇಳಿದರೆ, ಮನೆ ಮಕ್ಕಳನ್ನು ಬಿಟ್ಟು ಅಷ್ಟು ದೂರ ಹೋದವರಿಗೆ ಹೇಗಾಗಬೇಡ? ಅಡುಗೆಮನೆಯಲ್ಲಿ ನಿಂತು ಅತ್ತಾರು. ಅಜ್ಜಿ ಹೇಳಿದ್ದು ಪಲ್ಯದ ಮಾತು, ಅವರ ಮೇಲಿನ ಸಿಟ್ಟಲ್ಲ. ಅದು ತಿಳಿಯಲು ದಿನಗಳು ಬೇಕು.

ನಾವೇನು ಕಡಿಮೆಯೇ? ನಾವು ತಲೆ ಅತ್ತಿತ್ತ ಆಡಿಸಿದರೆ ಹೌದೋ, ಅಲ್ಲವೋ ಎಂದು ಅವರೂ ಕಣ್ಣು ಬಿಡುತ್ತಾರೆ!

ಹೊಸಬರ ನಡೆ ವಿಚಿತ್ರ ಎನಿಸಿದರೆ ಥಟ್ಟನೆ ಮುನಿಯಬೇಡಿ. ‘ಹಾಗೆಂದರೇನು?’ ಎಂದು ಕೇಳಿ. ಅಲ್ಲಿಯವರೆಗೆ ಸಿಟ್ಟಿಗೆ ಐದು ಬೆರಳು ಕೂಡಿಸಿ ತೋರಿಸಿ: ರೆಗಾ!