ಕಾಡುದಾರಿಯಲ್ಲಿ ಕೂಡಿ ನಡೆಯುವ ಪಾಠ

ಬೆಳಗಾವಿಯಿಂದ ಚೋರ್ಲಾ ಘಾಟಿನತ್ತ ಹೊರಟರೆ ಜಾಂಬೋಟಿಯ ದಟ್ಟಡವಿ. ಅದರಾಚೆ ಮಲಪ್ರಭೆ ಹುಟ್ಟುವ ಕಣಕುಂಬಿ. ಶಾಲೆಗಳವರು ಮಕ್ಕಳನ್ನು ಇತ್ತ ಕರೆತಂದು, ಬುತ್ತಿ ಬಿಚ್ಚಿ ಉಣಿಸಿ ಮರಳುವುದುಂಟು. ಅದನ್ನು ನಾವು ವಿಹಾರವೆನ್ನುತ್ತೇವೆಯೇ ಹೊರತು ಶಿಕ್ಷಣವೆನ್ನಲಾರೆವು.

1941ರಲ್ಲಿ ಶಿಕ್ಷಣತಜ್ಞ ಕುರ್ಟ್ ಹಾನ್ ಅವರು ವೇಲ್ಸಿನ ಅಬರ್ಡವಿಯಲ್ಲಿ ತರುಣರಿಗಾಗಿ ಆರಂಭಿಸಿದ ಶಾಲೆಯು ಕಡಲು-ಬೆಟ್ಟಗಳನ್ನೇ ಪಾಠಶಾಲೆಯಾಗಿಸಿತು. ಅಂತಹ ಕ್ರಮವನ್ನು ಇಲ್ಲಿಯೂ ಅನುಸರಿಸಬಹುದು. ಎಂಟು ಹತ್ತು ಮಕ್ಕಳಿಗೆ ಒಂದೇ ನಕ್ಷೆ, ಒಂದೇ ದಿಕ್ಸೂಚಿಯನ್ನಿತ್ತು ಗುರುಗಳು ಹಿಂದೆ ನಡೆಯಬೇಕು. ಅಪಾಯ ಕಂಡಲ್ಲದೆ ಬಾಯಿ ತೆರೆಯಬಾರದು. (ಈ ಕಾಡಿನಲ್ಲಿ ಕರಡಿಗಳುಂಟು. ಅರಣ್ಯ ಇಲಾಖೆಯ ಅನುಮತಿ, ದಾರಿ ಬಲ್ಲವರ ಜೊತೆ ಇಲ್ಲದೆ ಹೋಗತಕ್ಕದ್ದಲ್ಲ.)

ಕವಲುದಾರಿ ಬಂದೊಡನೆ ಗಟ್ಟಿ ಬಾಯಿಯ ಹುಡುಗ ನಕ್ಷೆಯನ್ನು ಕಸಿದುಕೊಳ್ಳುತ್ತಾನೆ. ಕಾಡಂಚಿನ ಹಳ್ಳಿಯಿಂದ ಬಂದ ಹುಡುಗಿಗೆ ಸರಿದಾರಿ ಹೊಳೆದಿದ್ದರೂ ಸುಮ್ಮನಿರುತ್ತಾಳೆ. ದಾರಿ ತಪ್ಪಿ ಮರಳಿದ ಮೇಲೆ ಎಲ್ಲರೂ ಮರದಡಿ ಕುಳಿತು ಮಾತನಾಡಬೇಕು: ಆಕೆಯನ್ನು ಒಬ್ಬರಾದರೂ ಏಕೆ ಕೇಳಲಿಲ್ಲ? ಕೇಳದಿದ್ದರೂ ಆಕೆ ಏಕೆ ಹೇಳಲಿಲ್ಲ? ಈ ಮಾತುಕತೆಗೆ ಹೊತ್ತಿಲ್ಲವೆಂದು ಬಸ್ಸು ಹತ್ತಿಸಿದರೆ ನಡೆದ ದಣಿವಷ್ಟೇ ಲಾಭ.

ಮನೆತುಂಬ ಮಕ್ಕಳಿದ್ದಾಗ ಇಂತಹ ಜಗಳ, ರಾಜಿಗಳು ಪಡಸಾಲೆಯಲ್ಲಿಯೇ ನಡೆಯುತ್ತಿದ್ದವು. ಇಂದು ಅನೇಕ ಮನೆಗಳಲ್ಲಿ ಒಂದೇ ಕೂಸು. ಶಿಬಿರದಿಂದ ಮರಳಿದ ಮಗುವನ್ನು ತಾಯ್ತಂದೆಯರು ಏನೇನು ಕಂಡೆಯೆಂದಷ್ಟೇ ಅಲ್ಲ, ದಾರಿ ತಪ್ಪಿದಾಗ ಯಾರ ಮಾತು ನಡೆಯಿತೆಂದೂ ಕೇಳಲಿ.